ಪ್ರೇಷಕಕ್ಕೊಂದು ಹುಸಿ ಹೊರೆ

ಅಮ್ಮಸಂದ್ರದಂಥ ತೆಂಗಿನ ಸೀಮೆಯಲ್ಲಿ ಹವ್ಯಾಸಿ ರೇಡಿಯೋ ಕೇಂದ್ರವನ್ನು ಹೂಡುವವರಿಗೆ ಆಂಟೆನಾ ಕಟ್ಟಲು ಎತ್ತರದ ಮರಗಳಿಗೆ ಬರವಿಲ್ಲ. ಆದರೆ ಪರವಾನಗಿ ಕೈಸೇರಿ ಪ್ರೇಷಕ ಸಿದ್ಧವಾದ ಕೂಡಲೆ ತಂತಿಯನ್ನು ಮರಕ್ಕೇರಿಸಿ ಗುಂಡಿ ಒತ್ತುವುದು ಉಚಿತವಲ್ಲ. ಪರೀಕ್ಷೆಯ ಸದ್ದು ಇತರರ ಸಂಭಾಷಣೆಗೆ ಅಡ್ಡಬರುತ್ತದೆ. 2001ರ ಗುಜರಾತ್ ಭೂಕಂಪದಲ್ಲಿ ದೂರವಾಣಿ ಕೆಟ್ಟಾಗ ಹವ್ಯಾಸಿಗಳು ಸುದ್ದಿ ಮುಟ್ಟಿಸಲು ನೆರವಾದರು. ಅಂಥ ವೇಳೆ ಒಂದು ಅನಗತ್ಯ ಸೀಟಿಯೂ ಅನರ್ಥಕಾರಿ. ಹಾಗೆಂದು ಆಂಟೆನಾ ಇಲ್ಲದೆಯೇ ಪ್ರೇಷಕವನ್ನು ನಡೆಸಿದರೆ, ಹೊರದಾರಿ ಕಾಣದ ಶಕ್ತಿ ಹಿಂದಿರುಗಿ ಕೊನೆಯ ಹಂತದ ಟ್ರಾನ್ಸಿಸ್ಟರನ್ನು ಸುಟ್ಟೀತು.

ಈ ಇಕ್ಕಟ್ಟಿಗೆ ಪರಿಹಾರವೇ ಡಮ್ಮಿ ಲೋಡ್, ಎಂದರೆ ಹುಸಿ ಹೊರೆ. ಇದು ಶಕ್ತಿಯನ್ನು ಅಲೆಗಳಾಗಿ ಹೊರಬಿಡದೆ ಶಾಖವನ್ನಾಗಿಸುವ ರೋಧಕ. ಇದನ್ನು ಆರಿಸುವಾಗ ಮೂರು ಗುಣಗಳನ್ನು ನೋಡಬೇಕು.

ಮೊದಲನೆಯದು ಅಳತೆ. ಇಂದಿನ ಪ್ರೇಷಕಗಳು ಸಾಮಾನ್ಯವಾಗಿ 50 ಓಮ್ ಹೊರೆಯನ್ನು ಬಯಸುತ್ತವೆ. ಮನೆಯ 60 ವಾಟ್ ತಂತು ಬಲ್ಬು ಈ ಕೆಲಸಕ್ಕೆ ಒಗ್ಗದು. ಉರಿಯುವಾಗ ಅದರ ರೋಧ ಸುಮಾರು 880 ಓಮ್, ತಣ್ಣಗಿದ್ದಾಗ ಅದರ ಹತ್ತನೆಯ ಒಂದು ಪಾಲಿಗಿಂತಲೂ ಕಡಿಮೆ.

ಎರಡನೆಯದು ಶುದ್ಧ ರೋಧ. ಸುರುಳಿ ಸುತ್ತಿದ ತಂತಿಯ ರೋಧಕವನ್ನೋ ಹೀಟರಿನ ಸುರುಳಿಯನ್ನೋ ಬಳಸಬಾರದು. ಸುರುಳಿಯ ಪ್ರೇರಕತ್ವ 10 ಮೈಕ್ರೋಹೆನ್ರಿಯಷ್ಟೇ ಇದ್ದರೂ 7 ಮೆಗಾಹರ್ಟ್ಸ್ ಆವರ್ತನದಲ್ಲಿ ಅದು ಸುಮಾರು 440 ಓಮ್ ಅಡ್ಡಿಯನ್ನು ಒಡ್ಡುತ್ತದೆ.

ಮೂರನೆಯದು ಶಾಖವನ್ನು ತಾಳುವ ಶಕ್ತಿ. 1000 ಓಮ್, 2 ವಾಟಿನ ಇಪ್ಪತ್ತು ಕಾರ್ಬನ್ ಅಥವಾ ಮೆಟಲ್ ಆಕ್ಸೈಡ್ ರೋಧಕಗಳನ್ನು, ಕಾಲುಗಳನ್ನು ಗಿಡ್ಡವಾಗಿರಿಸಿ, ಸಮಾಂತರವಾಗಿ ಬೆಸೆದರೆ 50 ಓಮ್, 40 ವಾಟಿನ ಹೊರೆ ದೊರೆಯುತ್ತದೆ. ಅದನ್ನು ಎಣ್ಣೆ ತುಂಬಿದ ತಗಡಿನ ಡಬ್ಬಿಯಲ್ಲಿ ಮುಳುಗಿಸಿದರೆ, ಸ್ವಲ್ಪ ಹೊತ್ತಿನ ಮಟ್ಟಿಗೆ, ಇನ್ನೂ ಹೆಚ್ಚು ತಾಳುತ್ತದೆ.

ಎಣ್ಣೆ ಎಂದೊಡನೆ ನಮ್ಮ ತೆಂಗಿನ ಸೀಮೆಯವರಿಗೆ ಕೊಬ್ಬರಿ ಎಣ್ಣೆ ನೆನಪಾಗುವುದು ಸಹಜ. ಆದರೆ ಅದು ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ಮಾಗಿಯ ಬೆಳಗಿನಲ್ಲಿ ಸೀಸೆಯನ್ನು ಬಿಸಿಲಿಗಿಡುವ ಗೃಹಿಣಿಯರಿಗೆ ಇದು ತಿಳಿದದ್ದೇ. ದ್ರವವಾಗಿರುವ ಎಣ್ಣೆ ಕಾದು ಮೇಲೇರಿ, ತಣಿದು ಕೆಳಗಿಳಿದು, ಶಾಖವನ್ನು ಡಬ್ಬಿಯ ಗೋಡೆಗೆ ಒಯ್ಯುತ್ತದೆ. ಹೆಪ್ಪುಗಟ್ಟಿದ ಎಣ್ಣೆಯಲ್ಲಿ ಆ ಸಂಚಾರವೇ ಇಲ್ಲ. ಗಾಣದ ಎಣ್ಣೆಯಲ್ಲಿ ನೀರಿನಂಶ ಉಳಿದಿದ್ದರೆ ಕಾದಾಗ ಸಿಡಿಯುವ ಭಯವೂ ಉಂಟು. ಆದುದರಿಂದ ಹೊಸ ಟ್ರಾನ್ಸ್‌ಫಾರ್ಮರ್ ಎಣ್ಣೆಯೇ ಲೇಸು. ಹಳೆಯ ಟ್ರಾನ್ಸ್‌ಫಾರ್ಮರಿನಿಂದ ಬಸಿದದ್ದು ಸರ್ವಥಾ ಬೇಡ. ಅದರಲ್ಲಿ ಪಿಸಿಬಿ ಎಂಬ ವಿಷವಸ್ತು ಬೆರೆತಿರಬಹುದು. ಡಬ್ಬಿಯ ಮುಚ್ಚಳದಲ್ಲಿ ಆವಿ ಹೋಗಲು ಸಣ್ಣ ರಂಧ್ರವಿರಲಿ. ಬಿಸಿ ಡಬ್ಬಿ ಮಕ್ಕಳ ಕೈಗೆ ಎಟುಕದಿರಲಿ.

ಪರೀಕ್ಷೆ ತೃಪ್ತಿಕರವಾದ ಬಳಿಕ ಹುಸಿ ಹೊರೆಯನ್ನು ಬಿಚ್ಚಿ ಆಂಟೆನಾ ಜೋಡಿಸಬಹುದು. ಆಗಲೂ ಮೊದಲು ಕಿವಿಗೊಟ್ಟು ಆಲಿಸಿ, ದಾರಿ ತೆರವಾಗಿದೆಯೆಂದು ಖಚಿತವಾದ ಮೇಲೆಯೇ ಮಾತನಾಡಬೇಕು.