ಸೋತವರೂ ಒಪ್ಪುವ ತೀರ್ಪು

ನ್ಯಾಯಾಲಯದ ಮೆಟ್ಟಿಲು ಹತ್ತಿ ಇಳಿದವರ ಅನುಭವವನ್ನು ನಮ್ಮ ಹಿರಿಯರು ನಾಲ್ಕೇ ಮಾತುಗಳಲ್ಲಿ ಹೇಳಿಟ್ಟಿದ್ದಾರೆ: ಗೆದ್ದವನು ಸೋತ, ಸೋತವನು ಸತ್ತ. ದಾಯಾದಿಗಳ ವ್ಯಾಜ್ಯಕ್ಕೆ ಸಲ್ಲುವ ಈ ಮಾತು ರಾಜಕೀಯ ಪಕ್ಷಗಳ ಒಳಜಗಳಕ್ಕೂ ಅಷ್ಟೇ ಸಲ್ಲುತ್ತದೆ. ಹೊರಗಿನ ಎದುರಾಳಿಯೊಡನೆ ಹೋರಾಡಿ ಸೋತ ಪಕ್ಷವು ಮುಂದಿನ ಚುನಾವಣೆಯವರೆಗೆ ಕಾದು ಮತ್ತೆ ಏಳಬಲ್ಲದು; ತನ್ನೊಳಗೇ ಹೋರಾಡಿ ಒಡೆದ ಪಕ್ಷವು ಏಳುವುದಕ್ಕೆ ಒಂದು ತಲೆಮಾರು ಹಿಡಿದೀತು. ಆದ್ದರಿಂದ ಒಂದೇ ಪಕ್ಷದ ಇಬ್ಬರು ಸಮಬಲರು ಒಂದೇ ಪದವಿಗಾಗಿ ಎದುರೆದುರು ನಿಂತಾಗ, ಅವರ ಬೆನ್ನ ಹಿಂದಿನ ಜನವೂ ಸರಿಸಮವಾಗಿ ಇಬ್ಭಾಗವಾದಾಗ, ತೀರ್ಪು ಯಾರ ಕಡೆ ಆಗಬೇಕೆಂಬುದಕ್ಕಿಂತ ಹೇಗೆ ಆಗಬೇಕೆಂಬುದೇ ಹಿರಿದಾದ ಪ್ರಶ್ನೆ. ಈ ಪ್ರಶ್ನೆಯನ್ನು ಅಮೆರಿಕೆಯ ಅಧ್ಯಕ್ಷ ಚುನಾವಣೆಯಷ್ಟು ಬಿಚ್ಚಿ ತೋರಿಸುವ ನಿದರ್ಶನ ನನಗೆ ಬೇರೆ ಕಾಣದು.

ಅಲ್ಲಿಯ ಪದ್ಧತಿಯನ್ನು ಸಂಕ್ಷೇಪವಾಗಿ ಹೇಳುವುದಾದರೆ ಹೀಗಿದೆ. ಅಧ್ಯಕ್ಷ ಪದವಿಗೆ ಪಕ್ಷದ ಉಮೇದುವಾರನನ್ನು ಆರಿಸುವ ಅಧಿಕಾರ ನಾಲ್ಕು ವರ್ಷಕ್ಕೊಮ್ಮೆ ಕೂಡುವ ಪಕ್ಷದ ಮಹಾಧಿವೇಶನಕ್ಕೆ ಸೇರಿದ್ದು. ಅಧಿವೇಶನಕ್ಕೆ ಬರುವ ಪ್ರತಿನಿಧಿಗಳನ್ನು ಒಂದೊಂದು ಸಂಸ್ಥಾನವೂ ಕಳುಹಿಸುತ್ತದೆ. ಕೆಲವು ಕಡೆ ಸಾಮಾನ್ಯ ಮತದಾರರು ಮತಪೆಟ್ಟಿಗೆಯ ಮೂಲಕ ತಮ್ಮ ಒಲವನ್ನು ತಿಳಿಸುತ್ತಾರೆ. ಇದು ಪ್ರೈಮರಿ, ಎಂದರೆ ಪ್ರಾಥಮಿಕ ಚುನಾವಣೆ. ಇನ್ನು ಕೆಲವು ಕಡೆ ಊರೂರಿನ ಸಭೆಗಳಲ್ಲಿ ಕೂಡಿ ಚರ್ಚಿಸಿ ನಿರ್ಣಯಿಸುತ್ತಾರೆ. ಇದಕ್ಕೆ ಕಾಕಸ್ ಎಂದು ಹೆಸರು. ಈ ಎಲ್ಲ ಹೊಳೆಗಳೂ ಕೊನೆಗೆ ಅಧಿವೇಶನವೆಂಬ ಒಂದೇ ಕೆರೆಗೆ ಬಂದು ಬೀಳಬೇಕು. ಒಬ್ಬನ ಪಾಲು ಎದ್ದು ಕಾಣುವಂತಿದ್ದರೆ ತೊಡಕಿಲ್ಲ. ಇಬ್ಬರ ಪಾಲೂ ಸಮಸಮವಾದಾಗಲೇ ಕೆರೆಯ ಕಟ್ಟೆ ಬಿರಿಯುವ ಭಯ.

ಕಟ್ಟೆ ಬಿರಿದ ಕಥೆಗಳು ಅಲ್ಲಿಯ ಇತಿಹಾಸದಲ್ಲಿ ಬೇಕಾದಷ್ಟಿವೆ. 1912ರಲ್ಲಿ ರಿಪಬ್ಲಿಕನ್ ಪಕ್ಷದೊಳಗೆ ಅಧ್ಯಕ್ಷ ಟಾಫ್ಟ್ ಮತ್ತು ಮಾಜಿ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ ಎದುರಾದರು. ಆಗ ಪ್ರೈಮರಿಗಳನ್ನು ನಡೆಸಿದ್ದ ಸಂಸ್ಥಾನಗಳು ಕೆಲವೇ. ಅವುಗಳಲ್ಲಿ ಬಹುಪಾಲು ರೂಸ್‌ವೆಲ್ಟರ ಕಡೆಗಾದವು. ಆದರೆ ವಿವಾದಕ್ಕೊಳಗಾಗಿದ್ದ 254 ಪ್ರತಿನಿಧಿ ಸ್ಥಾನಗಳ ಪೈಕಿ 235ನ್ನು ಪಕ್ಷದ ರಾಷ್ಟ್ರೀಯ ಸಮಿತಿ ಟಾಫ್ಟರಿಗೆ ಕೊಟ್ಟಿತು. ಆ ಸಮಿತಿ ಟಾಫ್ಟರ ಹಿತೈಷಿಗಳ ಕೈಯಲ್ಲಿತ್ತೆಂಬುದು ಎಲ್ಲರಿಗೂ ಗೊತ್ತಿದ್ದ ಸಂಗತಿ. ರೂಸ್‌ವೆಲ್ಟರು ಹೊರನಡೆದು ಬೇರೆ ಪಕ್ಷ ಕಟ್ಟಿದರು. ಪರಿಣಾಮವೇನಾಯಿತು? ನೂರಕ್ಕೆ ಸುಮಾರು 42 ಮತ ಪಡೆದ ಡೆಮೊಕ್ರಾಟಿಕ್ ಪಕ್ಷದ ವುಡ್ರೋ ವಿಲ್ಸನ್ ಗೆದ್ದರು. ಅಧಿಕಾರದಲ್ಲಿದ್ದ ಟಾಫ್ಟರಿಗೆ ದಕ್ಕಿದ್ದು ಎರಡೇ ಸಂಸ್ಥಾನ.

ಹನ್ನೆರಡು ವರ್ಷಗಳ ತರುವಾಯ ಡೆಮೊಕ್ರಾಟರ ಸರದಿ. 1924ರ ಬೇಸಗೆಯಲ್ಲಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿನಲ್ಲಿ ಕೂಡಿದ ಅವರ ಅಧಿವೇಶನ, ಮ್ಯಾಕಡೂ ಮತ್ತು ಆಲ್ ಸ್ಮಿತ್ ಎಂಬ ಇಬ್ಬರ ನಡುವೆ ಸಿಕ್ಕಿ 103 ಬಾರಿ ಮತ ಎಣಿಸಬೇಕಾಯಿತು. ಮೂರನೆಯ ಎರಡು ಪಾಲು ಬಹುಮತ ಬೇಕೆಂಬ ಹಳೆಯ ನಿಯಮವೊಂದು ಇಬ್ಬರನ್ನೂ ತಡೆದಿತ್ತು. ದಣಿದ ಪ್ರತಿನಿಧಿಗಳು ಕೊನೆಗೆ ಇಬ್ಬರನ್ನೂ ಬಿಟ್ಟು ಜಾನ್ ಡೇವಿಸ್ ಎಂಬ ಮೂರನೆಯವರಿಗೆ ಮಾಲೆ ಹಾಕಿದರು. ಇಡೀ ಜಗಳವನ್ನು ರೇಡಿಯೋದಲ್ಲಿ ಕೇಳಿ ಬೇಸತ್ತ ದೇಶ ಆ ಮೂರನೆಯವರನ್ನೂ ಒಲ್ಲೆನೆಂದಿತು. ರಾಜಿಯ ಉಮೇದುವಾರ ಯಾರಿಗೂ ಬೇಡದವನಾಗಿ ಪರಿಣಮಿಸುವುದುಂಟು ಎಂಬ ಪಾಠ ಇಲ್ಲಿದೆ. ಮೂರನೆಯ ಎರಡು ಪಾಲಿನ ಆ ನಿಯಮವನ್ನು ಡೆಮೊಕ್ರಾಟರು 1936ರಲ್ಲಿ ಕೈಬಿಟ್ಟರು.

1968ರ ಷಿಕಾಗೋ ಅಧಿವೇಶನದ ಕಥೆ ಇನ್ನೂ ಕಹಿಯಾದುದು. ಒಂದೇ ಒಂದು ಪ್ರೈಮರಿಯಲ್ಲಿಯೂ ಸ್ಪರ್ಧಿಸದೆ ಹ್ಯೂಬರ್ಟ್ ಹಂಫ್ರಿಯವರು ಪಕ್ಷದ ಯಜಮಾನರ ಬಲದಿಂದ ಉಮೇದುವಾರರಾದರು. ವಿಯೆಟ್ನಾಂ ಯುದ್ಧವನ್ನು ವಿರೋಧಿಸಿ ಬೀದಿಗಿಳಿದಿದ್ದ ತರುಣರ ಮೇಲೆ ಪೊಲೀಸರ ದೊಣ್ಣೆ ಬಿತ್ತು. ನವೆಂಬರಿನಲ್ಲಿ ನಿಕ್ಸನ್ ಗೆದ್ದರು. ಆ ಗಾಯದಿಂದಲೇ ಇಂದಿನ ವ್ಯವಸ್ಥೆ ಹುಟ್ಟಿತು. ಪ್ರತಿನಿಧಿಗಳನ್ನು ಜನರೇ ಬಹಿರಂಗವಾಗಿ ಆರಿಸಬೇಕೆಂಬ ನಿಯಮ 1972ರ ಹೊತ್ತಿಗೆ ನೆಲೆಗೊಂಡಿತು. ಅದು ಅತಿಯಾಯಿತೆಂದು ಕಂಡಾಗ, 1984ರಿಂದ ಪಕ್ಷದ ಹಿರಿಯರಿಗೂ, ಚುನಾಯಿತ ನಾಯಕರಿಗೂ ಸ್ವತಂತ್ರ ಮತ ಕೊಡಲಾಯಿತು. ಜನಕ್ಕೆ ಅವರ ಹೆಸರು ಸೂಪರ್ ಡೆಲಿಗೇಟ್. ನಾನು ಅವರನ್ನು ಹಿರಿಯ ಪ್ರತಿನಿಧಿಗಳೆಂದು ಕರೆಯುತ್ತೇನೆ.

ಈ ಎರಡು ತತ್ತ್ವಗಳು, ಎಂದರೆ ಜನರ ಮತ ಮತ್ತು ಹಿರಿಯರ ವಿವೇಕ, ನೇರವಾಗಿ ಮುಖಾಮುಖಿಯಾದದ್ದು 2008ರಲ್ಲಿ. ಬರಾಕ್ ಒಬಾಮಾ ಮತ್ತು ಹಿಲರಿ ಕ್ಲಿಂಟನ್ ಇಬ್ಬರಿಗೂ ಸುಮಾರು 1 ಕೋಟಿ 75 ಲಕ್ಷ ಮತಗಳಷ್ಟು ಬೆಂಬಲ ಬಿದ್ದಿತ್ತು. ಜನವರಿ 3ರಂದು ಅಯೋವಾದಲ್ಲಿ ಮೊದಲಾದ ಸ್ಪರ್ಧೆ ಜೂನ್ 3ರಂದು ಮೊಂಟಾನಾ ಮತ್ತು ಸೌತ್ ಡಕೋಟಾಗಳಲ್ಲಿ ಮುಗಿಯುವಾಗಲೂ ಪಾಲು ಒಡೆದೇ ಇತ್ತು. ಒಂದನ್ನು ಅವರು ಗೆದ್ದರೆ ಇನ್ನೊಂದನ್ನು ಇವರು. ಚುನಾಯಿತ ಪ್ರತಿನಿಧಿಗಳ ಲೆಕ್ಕದಲ್ಲಿ ಒಬಾಮಾ ಮುಂದಿದ್ದರು. ಆದರೆ ಆ ಪ್ರತಿನಿಧಿಗಳಿಂದಲೇ ಬಹುಮತ ಮುಟ್ಟುವುದು ಇಬ್ಬರಿಗೂ ಸಾಧ್ಯವಿರಲಿಲ್ಲ. ಅಧಿವೇಶನದ ಸುಮಾರು ಐದನೆಯ ಒಂದು ಪಾಲಾಗಿದ್ದ ಹಿರಿಯ ಪ್ರತಿನಿಧಿಗಳ ಕೈಯಲ್ಲಿ ತಕ್ಕಡಿ ನಿಂತಿತು. ಒಬ್ಬರು ಗೆದ್ದರೆ ಮೊದಲ ಕಪ್ಪು ಜನಾಂಗದ ಉಮೇದುವಾರ, ಇನ್ನೊಬ್ಬರು ಗೆದ್ದರೆ ದೊಡ್ಡ ಪಕ್ಷವೊಂದರ ಮೊದಲ ಮಹಿಳಾ ಉಮೇದುವಾರೆ. ಯಾರು ಸೋತರೂ ಶತಮಾನಗಳಿಂದ ಬಾಗಿಲ ಹೊರಗೆ ಕಾದು ನಿಂತಿದ್ದ ಒಂದು ಜನಸಮೂಹ ನೊಂದುಕೊಳ್ಳುವುದು ನಿಶ್ಚಿತವಾಗಿತ್ತು.

ಇಂತಹ ಸಂದರ್ಭದಲ್ಲಿ ಏನು ಮಾಡಬೇಕು? ಮೊದಲನೆಯದಾಗಿ, ಎಣಿಸಬೇಕಾದದ್ದು ಯಾವುದೆಂಬ ವಿವಾದ. ಪ್ರತಿನಿಧಿಗಳನ್ನೇ ಏಕೆ ಎಣಿಸಬೇಕು, ದೇಶದ ಒಟ್ಟು ಮತಗಳನ್ನು ಕೂಡಿಸಿ ನೋಡಿದರಾಗದೆ ಎಂದು ಆಗ ಹಲವರು ಕೇಳಿದರು. ಕೇಳುವುದಕ್ಕೆ ನ್ಯಾಯವಾಗಿಯೇ ಇದೆ. ಆದರೆ ಕಾಕಸ್ ನಡೆಸಿದ ಕೆಲವು ಸಂಸ್ಥಾನಗಳಲ್ಲಿ ತಲೆ ಎಣಿಕೆಯ ಲೆಕ್ಕವನ್ನೇ ಪ್ರಕಟಿಸಿರಲಿಲ್ಲ. ಸಂಜೆ ಸಭೆಗೆ ಬಂದು ಕುಳಿತ ಸಾವಿರ ಜನವನ್ನೂ, ಹಗಲೆಲ್ಲ ತೆರೆದಿದ್ದ ಮತಗಟ್ಟೆಗೆ ಬಂದ ಲಕ್ಷ ಜನವನ್ನೂ ಒಂದೇ ಕೊಳಗದಲ್ಲಿ ಅಳೆಯುವುದು ಹೇಗೆ? ಪ್ರತಿನಿಧಿಗಳ ಎಣಿಕೆ ದೋಷರಹಿತವೆಂದು ನಾನು ಹೇಳಲಾರೆ. ಆದರೆ ಅದು ಇಬ್ಬರೂ ಮೊದಲೇ ಒಪ್ಪಿಕೊಂಡು ಕಣಕ್ಕಿಳಿದ ಅಳತೆ. ಸುಗ್ಗಿಯಾದ ಮೇಲೆ ಕೊಳಗವನ್ನು ಬದಲಿಸಿದರೆ ರಾಶಿ ಎಷ್ಟೇ ಇರಲಿ, ಪಾಲುದಾರನ ಮನಸ್ಸು ಒಡೆಯದೆ ಇರದು.

ಇದೇ ತತ್ತ್ವ ಫ್ಲಾರಿಡಾ ಮತ್ತು ಮಿಷಿಗನ್ ಪ್ರಕರಣದಲ್ಲಿ ಇನ್ನಷ್ಟು ಕಠಿಣವಾದ ಪರೀಕ್ಷೆಗೆ ಒಳಗಾಯಿತು. ಪಕ್ಷ ಗೊತ್ತುಪಡಿಸಿದ ದಿನಕ್ಕಿಂತ ಮುಂಚೆ ಜನವರಿಯಲ್ಲಿಯೇ ಪ್ರೈಮರಿ ನಡೆಸಿದ್ದಕ್ಕಾಗಿ ಆ ಎರಡು ಸಂಸ್ಥಾನಗಳು ತಮ್ಮ ಪ್ರತಿನಿಧಿಗಳೆಲ್ಲರನ್ನೂ ಕಳೆದುಕೊಂಡಿದ್ದವು. ಮಿಷಿಗನ್ನಿನಲ್ಲಿ ಒಬಾಮಾ ತಮ್ಮ ಹೆಸರನ್ನೇ ಹಿಂತೆಗೆದುಕೊಂಡಿದ್ದರು. ಎರಡೂ ಕಡೆ ಮುಂದಿದ್ದ ಕ್ಲಿಂಟನ್, ಆ ಮತಗಳನ್ನೆಲ್ಲ ಪೂರ್ತಿಯಾಗಿ ಎಣಿಸಬೇಕೆಂದು ಕೇಳಿದರು. ಮೇ 31ರಂದು ಪಕ್ಷದ ನಿಯಮ ಸಮಿತಿ ಕೂಡಿ, ಪ್ರತಿನಿಧಿಗಳನ್ನು ಕರೆದು, ಒಬ್ಬೊಬ್ಬರಿಗೆ ಅರ್ಧ ಮತವೆಂದು ತೀರ್ಮಾನಿಸಿತು. ಮಿಷಿಗನ್ನಿನಲ್ಲಿ ಕ್ಲಿಂಟನ್ನರಿಗೆ 69, ಒಬಾಮಾರಿಗೆ 59 ಪ್ರತಿನಿಧಿಗಳಾದರು.

ಈ ತೀರ್ಮಾನದಲ್ಲಿ ಅರ್ಧವನ್ನು ನಾನು ಒಪ್ಪುತ್ತೇನೆ, ಅರ್ಧವನ್ನು ಒಪ್ಪಲಾರೆ. ನಾಯಕರ ತಪ್ಪಿಗೆ ಮತದಾರರನ್ನು ಪೂರ್ತಿ ದಂಡಿಸದೆ, ನಿಯಮವನ್ನೂ ಪೂರ್ತಿ ಗಾಳಿಗೆ ತೂರದೆ ಅರ್ಧ ಮತ ಕೊಟ್ಟದ್ದು ವಿವೇಕ. ಆದರೆ ಮತಪತ್ರದಲ್ಲಿ ಹೆಸರೇ ಇಲ್ಲದ ಒಬ್ಬರಿಗೆ ಸಮಿತಿಯ ಊಹೆಯಿಂದ 59 ಜನರನ್ನು ಹಂಚಿದ್ದು ಸರಿಯಾದ ಕ್ರಮವೆಂದು ನನಗೆ ತೋರುವುದಿಲ್ಲ. ಆಟ ಮುಗಿಯುವ ಮುನ್ನಾದಿನ ದಂಡವನ್ನು ಗೊತ್ತುಪಡಿಸಿದರೆ ಅದು ನ್ಯಾಯವಾಗಿದ್ದರೂ ಪಕ್ಷಪಾತವಾಗಿ ಕಾಣುತ್ತದೆ. ಭಾರತದ ಗದಾಯುದ್ಧದಲ್ಲಿ ಭೀಮನ ಪಕ್ಷಕ್ಕೆ ಧರ್ಮವಿತ್ತು, ಪ್ರತಿಜ್ಞೆಯೂ ಇತ್ತು. ಆದರೂ ಪೆಟ್ಟು ನಾಭಿಯ ಕೆಳಗೆ ಬಿದ್ದುದರಿಂದ ಬಲರಾಮ ಸಿಟ್ಟಿಗೆದ್ದ, ಆ ಗೆಲವಿನ ಮೇಲಿನ ಕಲೆ ಇಂದಿಗೂ ಹೋಗಿಲ್ಲ. ನಿಯಮವನ್ನು ಮೀರಿದರೆ ಇಷ್ಟು ದಂಡವೆಂದು ಜನವರಿಗೆ ಮೊದಲೇ ಹೇಳಿ, ಅದಕ್ಕೆ ಅಂಟಿಕೊಂಡಿದ್ದರೆ ಮೇ ತಿಂಗಳ ಆ ಕಹಿ ಉಳಿಯುತ್ತಿರಲಿಲ್ಲ.

ಎರಡನೆಯದು ಹಿರಿಯರ ಮಾತು. ಅರಳಿಕಟ್ಟೆಯ ಪಂಚಾಯಿತಿಯನ್ನು ಕಂಡ ನಮಗೆ ಹಿರಿಯರ ಮಧ್ಯಸ್ಥಿಕೆ ಸಹಜವಾಗಿಯೇ ಹಿತವೆನಿಸುತ್ತದೆ. ಆದರೆ ಊರೆಲ್ಲ ಕೂಡಿ ಕೈಯೆತ್ತಿ ಹೇಳಿದ ಮೇಲೆ, ಕಟ್ಟೆಯ ಮೇಲೆ ಕುಳಿತ ಐವರು ಅದನ್ನು ತಿರುಗಿಸಿದರೆ ಆ ಕಟ್ಟೆಗೆ ಮತ್ತೆ ಯಾರೂ ಬರಲಾರರು. 2008ರಲ್ಲಿ ಹಿರಿಯ ಪ್ರತಿನಿಧಿಗಳಲ್ಲಿ ಹೆಚ್ಚಿನವರು ಮೊದಲು ಕ್ಲಿಂಟನ್ನರ ಕಡೆಗಿದ್ದರು. ಜಾರ್ಜಿಯಾದ ಜಾನ್ ಲೂಯಿಸರಂತಹ ಪ್ರತಿಷ್ಠಿತರು, ತಮ್ಮ ಕ್ಷೇತ್ರದ ಜನ ಬೇರೆ ಕಡೆ ಒಲಿದುದನ್ನು ಕಂಡು ಫೆಬ್ರವರಿಯಲ್ಲಿ ತಮ್ಮ ನಿಲುವನ್ನು ಬದಲಿಸಿದರು. ಇದನ್ನು ಚಾಂಚಲ್ಯವೆಂದು ಹಳಿದವರುಂಟು. ನನಗಾದರೋ ಹಿರಿತನದ ಸರಿಯಾದ ಬಳಕೆಯಾಗಿ ಕಾಣುತ್ತದೆ. ಜನರ ತೀರ್ಪು ಸ್ಪಷ್ಟವಾಗಿದ್ದರೆ ಹಿರಿಯರು ಅದನ್ನು ದೃಢಪಡಿಸಬೇಕು. ಜನರು ನಿಜವಾಗಿಯೂ ನಿರ್ಣಯಿಸಲಾರದೆ ನಿಂತಾಗ ಮಾತ್ರ ಅವರ ಸ್ವಂತ ವಿವೇಕಕ್ಕೆ ಅವಕಾಶ. 2018ರಲ್ಲಿ ಡೆಮೊಕ್ರಾಟಿಕ್ ಪಕ್ಷ, ಸ್ಪರ್ಧೆ ಇರುವ ಮೊದಲ ಸುತ್ತಿನ ಎಣಿಕೆಯಲ್ಲಿ ಹಿರಿಯ ಪ್ರತಿನಿಧಿಗಳಿಗೆ ಮತವಿಲ್ಲವೆಂದು ಮಾಡಿದ ತಿದ್ದುಪಡಿಯ ಸಾರವೂ ಇದೇ.

ಮೂರನೆಯದಾಗಿ, ಹಿಂದುಳಿದವರು ಬೇಗ ಹಿಂದೆ ಸರಿಯಬೇಕೆ? 2008ರ ಮಾರ್ಚಿನಿಂದಲೇ ಕ್ಲಿಂಟನ್ನರಿಗೆ ಈ ಉಪದೇಶ ಸುರಿಯಿತು. ನಾನು ಇದನ್ನು ಒಪ್ಪುವುದಿಲ್ಲ. ಮತ ಹಾಕಲು ಸರದಿ ಕಾಯುತ್ತಿರುವ ಸಂಸ್ಥಾನಗಳಿಗೂ ತಮ್ಮ ಮಾತು ಹೇಳುವ ಹಕ್ಕುಂಟು. ಕಡೆಯ ಪಂಕ್ತಿಯವರು ಕುಳಿತುಕೊಳ್ಳುವ ಮುನ್ನ ಎಲೆ ಎತ್ತುವುದು ಮರ್ಯಾದೆಯಲ್ಲ. ಆದರೆ ಕೊನೆಯ ಮತ ಬಿದ್ದು ಲೆಕ್ಕ ಮುಗಿದ ಮೇಲೆ ಹೋರಾಟವೂ ಮುಗಿಯಬೇಕು. 1980ರಲ್ಲಿ ಎಡ್ವರ್ಡ್ ಕೆನಡಿಯವರು ಬಹುಮತ ಕೈತಪ್ಪಿದ ಮೇಲೂ, ಪ್ರತಿನಿಧಿಗಳನ್ನು ಅವರ ವಾಗ್ದಾನದಿಂದ ಬಿಡುಗಡೆ ಮಾಡಬೇಕೆಂದು ಅಧಿವೇಶನದವರೆಗೆ ಹೋರಾಟ ಎಳೆದರು. ಅಧ್ಯಕ್ಷ ಕಾರ್ಟರರು ಒಡೆದ ಮನೆಯಿಂದ ಹೊರಟು ರೇಗನ್ನರಿಗೆ ಸೋತರು. ಸೋಲಿಗೆ ಬೇರೆ ಕಾರಣಗಳೂ ಇದ್ದವು. ಇದೂ ಒಂದೆಂದು ಹೇಳುವುದರಲ್ಲಿ ತಪ್ಪಿಲ್ಲ.

ಕ್ಲಿಂಟನ್ ಹಾಗೆ ಮಾಡಲಿಲ್ಲ. ಕೊನೆಯ ಪ್ರೈಮರಿಯಾದ ನಾಲ್ಕೇ ದಿನಕ್ಕೆ, ಜೂನ್ 7ರಂದು, ಸ್ಪರ್ಧೆಯನ್ನು ನಿಲ್ಲಿಸಿ ಒಬಾಮಾರಿಗೆ ಬೆಂಬಲ ಸಾರಿದರು. ಅದೇ ತಿಂಗಳ 27ರಂದು ಇಬ್ಬರೂ ನ್ಯೂ ಹ್ಯಾಂಪ್‌ಷೈರಿನ ಒಂದು ಪುಟ್ಟ ಊರಿನಲ್ಲಿ ಒಂದೇ ವೇದಿಕೆ ಏರಿದರು. ಆ ಊರಿನ ಹೆಸರು ಯೂನಿಟಿ, ಎಂದರೆ ಐಕ್ಯ. ಅಲ್ಲಿಯ ಪ್ರೈಮರಿಯಲ್ಲಿ ಇಬ್ಬರಿಗೂ ಬಿದ್ದಿದ್ದು ಸರಿಯಾಗಿ 107 ಮತ. ಆಗಸ್ಟಿನಲ್ಲಿ ಡೆನ್ವರ್ ಅಧಿವೇಶನದಲ್ಲಿ ಹೆಸರು ಕೂಗಿ ಮತ ಎಣಿಸುತ್ತಿದ್ದಾಗ, ಎಣಿಕೆಯನ್ನು ನಿಲ್ಲಿಸಿ ಒಬಾಮಾರನ್ನು ಒಕ್ಕೊರಲಿನಿಂದ ಆರಿಸಬೇಕೆಂದು ಸೂಚಿಸಿದವರು ಕ್ಲಿಂಟನ್ನರೇ. ಇತ್ತ ಗೆದ್ದವರೂ ತಮ್ಮ ಪಾಲಿನ ಋಣ ತೀರಿಸಿದರು. ಸೋತವರ ಹೆಸರು ಅಧಿವೇಶನದಲ್ಲಿ ಗೌರವದಿಂದ ಸೂಚಿತವಾಯಿತು. 2009ರಲ್ಲಿ ಕ್ಲಿಂಟನ್ ವಿದೇಶಾಂಗ ಕಾರ್ಯದರ್ಶಿಯಾದರು.

ನಮ್ಮ ನೆಲದಲ್ಲಿಯೇ ಇದಕ್ಕೆ ವಿರುದ್ಧವಾದ ನಿದರ್ಶನವೊಂದುಂಟು. ನಮ್ಮ ರಾಷ್ಟ್ರಪತಿಯ ಪದವಿ ಬೇರೆ ಬಗೆಯದು, ಪ್ರೈಮರಿಯೂ ನಮ್ಮಲ್ಲಿಲ್ಲ. ಆದರೂ ಹೋಲಿಕೆ ಅಸಂಗತವಲ್ಲ. 1969ರ ಜುಲೈನಲ್ಲಿ ಬೆಂಗಳೂರಿನಲ್ಲಿ ಕೂಡಿದ ಕಾಂಗ್ರೆಸ್ ಸಂಸದೀಯ ಮಂಡಳಿ, ನಿಜಲಿಂಗಪ್ಪನವರು ಪಕ್ಷದ ಅಧ್ಯಕ್ಷರಾಗಿದ್ದಾಗ, ಪ್ರಧಾನಿ ಇಂದಿರಾ ಗಾಂಧಿಯವರ ಇಷ್ಟಕ್ಕೆ ವಿರುದ್ಧವಾಗಿ ಸಂಜೀವರೆಡ್ಡಿಯವರನ್ನು ಬಹುಮತದಿಂದ ಆರಿಸಿತು. ಬೆರಳೆಣಿಕೆಯ ಜನ ಕೋಣೆಯೊಳಗೆ ಮಾಡಿದ ತೀರ್ಮಾನ ಅದು. ಸೋತ ಪಕ್ಷ ಅದನ್ನು ಮನಸಾರ ಒಪ್ಪಲಿಲ್ಲ. ಆತ್ಮಸಾಕ್ಷಿಯ ಮತವೆಂಬ ಕೂಗೆದ್ದಿತು. ಎರಡನೆಯ ಪ್ರಾಶಸ್ತ್ಯದ ಮತಗಳನ್ನೂ ಎಣಿಸಿದ ಮೇಲೆ ವಿ. ವಿ. ಗಿರಿಯವರು 4,20,077ಕ್ಕೆ 4,05,427ರ ಅಂತರದಿಂದ ಗೆದ್ದರು. ನವೆಂಬರಿನಲ್ಲಿ ಪಕ್ಷ ಎರಡಾಯಿತು. ಯಾರು ಸರಿ, ಯಾರು ತಪ್ಪು ಎಂಬ ಚರ್ಚೆ ಇಲ್ಲಿ ಅನಗತ್ಯ. ಮಂಡಳಿಗೆ ನಿಯಮವಿತ್ತು, ಬಹುಮತವೂ ಇತ್ತು. ಸೋತವರು ಒಪ್ಪುವಷ್ಟು ನಂಬಿಕೆ ಮಾತ್ರ ಆ ಕೋಣೆಯಲ್ಲಿರಲಿಲ್ಲ.

ನಿಯಮ ಪಾಲಿಸಿದ ಮಾತ್ರಕ್ಕೆ ಪಕ್ಷ ಗೆದ್ದೀತೆ ಎಂದು ವಾಚಕರು ಕೇಳಬಹುದು. ಗೆಲ್ಲಲೇಬೇಕೆಂದಿಲ್ಲ. 1976ರಲ್ಲಿ ಫೋರ್ಡ್ 1187 ಮತಗಳಿಂದ, 1070 ಪಡೆದ ರೇಗನ್ನರನ್ನು ಸೋಲಿಸಿ, ಅವರನ್ನು ವೇದಿಕೆಗೆ ಕರೆದು ಮಾತನಾಡಿಸಿದರು. ಆದರೂ ನವೆಂಬರಿನಲ್ಲಿ ಕಾರ್ಟರರಿಗೆ ಸೋತರು. ಆದರೆ ಪಕ್ಷ ಒಡೆಯಲಿಲ್ಲ. ನಾಲ್ಕು ವರ್ಷದ ಮೇಲೆ ಅದೇ ಪಕ್ಷದಿಂದ ರೇಗನ್ ಅಧ್ಯಕ್ಷರಾದರು. ಒಂದು ಚುನಾವಣೆಯ ಸೋಲು ಮುಂದಿನ ಗೆಲವಿಗೆ ಬೀಜವಾಗುವಂತೆ ಮನೆಯನ್ನು ಉಳಿಸಿಕೊಳ್ಳುವುದೇ ಇಲ್ಲಿ ಮುಖ್ಯ.

ಆದ್ದರಿಂದ ನನ್ನ ಅಭಿಪ್ರಾಯ ಇಷ್ಟು. ಅಳತೆಯೂ ದಂಡವೂ ಮೊದಲೇ ಗೊತ್ತಾಗಿರಲಿ, ನಡುವೆ ಬದಲಾಗದಿರಲಿ. ಎಲ್ಲ ಸಂಸ್ಥಾನಗಳ ಮತವೂ ಬೀಳುವವರೆಗೆ ಯಾರನ್ನೂ ಹಿಂದೆ ಸರಿಯೆಂದು ಒತ್ತಾಯಿಸದಿರಲಿ. ಎಣಿಕೆ ಮುಗಿದೊಡನೆ ಹಿರಿಯರು ಮುಂದಿದ್ದವರನ್ನು ಬಹಿರಂಗವಾಗಿ, ಅಧಿವೇಶನಕ್ಕೆ ಕಾಯದೆ, ಎತ್ತಿ ಹಿಡಿಯಲಿ. ಹಾಗಾದಾಗ ಸೋತವರು ಮನೆಗೆ ಹೋಗುವಾಗ, ನಮ್ಮ ಲೆಕ್ಕ ಸರಿಯಾಗಿಯೇ ಆಯಿತು, ಸ್ವಲ್ಪ ಕಡಿಮೆಯಾಯಿತು ಅಷ್ಟೆ ಎಂದು ಹೇಳಿಕೊಳ್ಳಬಲ್ಲರು. ನವೆಂಬರಿನಲ್ಲಿ ಅವರು ಮತಗಟ್ಟೆಗೆ ಬರುವರೋ ಇಲ್ಲವೋ ಎಂಬುದು ಬಹುಮಟ್ಟಿಗೆ ಈ ಒಂದು ಮಾತನ್ನೇ ಅವಲಂಬಿಸಿದೆ.