ಪುಸ್ತಕ ಯಾವ ಚೀಲಕ್ಕೆ?

ಪತ್ರಿಕೆಯ ಅಡಿಕೆ ಧಾರಣೆಯಲ್ಲಿ ಶಿರಸಿ, ಸಿದ್ದಾಪುರ, ಯಲ್ಲಾಪುರ ಒಟ್ಟೊಟ್ಟಿಗೇ ಕಾಣಿಸುತ್ತವೆ. ಪಕ್ಕದಲ್ಲಿ ರಾಶಿ, ಚಾಲಿ, ತಟ್ಟಿಬೆಟ್ಟೆ, ಕೆಂಪುಗೋಟು, ಬಿಳೆಗೋಟು, ಕೋಕಾ. ಹೊರಗಿನವರು ಇವನ್ನೆಲ್ಲ ಬೇರೆ ಬೇರೆ ತಳಿ ಎಂದುಕೊಂಡರೆ ತಪ್ಪಿಲ್ಲ. ಆದರೆ ಒಂದೇ ಮರದ ಕೊನೆ ಹಸಿಯಿದ್ದಾಗ ಇಳಿಸಿ, ಸುಲಿದು, ಬೇಯಿಸಿ ಒಣಗಿಸಿದರೆ ರಾಶಿ. ಹಣ್ಣಾಗಲು ಬಿಟ್ಟು, ಸಿಪ್ಪೆ ಸಮೇತ ಅಂಗಳದಲ್ಲಿ ಹರವಿ, ಒಣಗಿದ ಮೇಲೆ ಸುಲಿದರೆ ಚಾಲಿ. ಕಾಯಿಯ ಹೆಸರನ್ನು ಗೊತ್ತುಮಾಡುವುದು ನಮ್ಮ ಕೈ.

ಹಳೆಯ ಕ್ರೈಸ್ತ ಪುಸ್ತಕಗಳ ಡಿಜಿಟಲ್ ಗ್ರಂಥಾಲಯ ತೆರೆದಾಗಲೆಲ್ಲ ನನಗೆ ಈ ಧಾರಣೆ ಪಟ್ಟಿ ನೆನಪಾಗುತ್ತದೆ. ಪರದೆಯ ಒಂದು ಬದಿಗೆ ಫಿಲ್ಟರುಗಳ ಸಾಲು: ಭಾಷೆ, ವಿಷಯ, ಲೇಖಕ, ವರ್ಷ, ಪ್ರಕಾಶಕರು. ಒಂದನ್ನು ಒತ್ತಿದರೆ ಸಾವಿರ ಪುಸ್ತಕ ನೂರಕ್ಕಿಳಿಯುತ್ತದೆ, ಇನ್ನೊಂದು ಒತ್ತಿದರೆ ಹತ್ತಕ್ಕೆ. ಹುಡುಕಿದ್ದು ಸಿಕ್ಕಿತೆಂದು ನಮಗೆ ಸಮಾಧಾನ. ಉಳಿದ ಒಂಬೈನೂರ ತೊಂಬತ್ತನ್ನು ಅತ್ತ ಸರಿಸಿದವರು ಯಾರು, ಯಾವ ಲೆಕ್ಕದಲ್ಲಿ ಸರಿಸಿದರು ಎಂದು ಯಾರೂ ಕೇಳುವುದಿಲ್ಲ. ಫಿಲ್ಟರ್ ಎಂದರೆ ಪುಸ್ತಕದ ಕುರಿತು ಮತ್ತೊಬ್ಬರು ಮೊದಲೇ ಕೊಟ್ಟಿಟ್ಟ ತೀರ್ಪು. ಅದನ್ನು ಹಾಗೆಂದು ತಿಳಿದು ಬಳಸುವುದು ಬೇರೆ, ಜಗತ್ತೇ ಹೀಗೆ ಹಂಚಿಹೋಗಿದೆ ಎಂದು ನಂಬುವುದು ಬೇರೆ.

ಕನ್ನಡದ ಮಟ್ಟಿಗೆ ಈ ತೀರ್ಪು ಎಷ್ಟು ಕಷ್ಟದ್ದೆಂಬುದನ್ನು ಬಾಸೆಲ್ ಮಿಷನ್ನಿನ ಪುಸ್ತಕಗಳಲ್ಲೇ ನೋಡಬಹುದು. ಮಿಷನ್ 1841ರಲ್ಲಿ ಮಂಗಳೂರಿನಲ್ಲಿ ಮುದ್ರಣಾಲಯ ತೆರೆಯಿತು. 1843ರಲ್ಲಿ ಹರ್ಮನ್ ಮೋಗ್ಲಿಂಗ್ ‘ಮಂಗಳೂರ ಸಮಾಚಾರ’ ಹೊರಡಿಸಿದರು. ಅದೇ ಮೋಗ್ಲಿಂಗ್ 1848ರಿಂದ ‘ಬಿಬ್ಲಿಯೋಥಿಕಾ ಕರ್ನಾಟಿಕಾ’ ಮಾಲೆಯಲ್ಲಿ ಜೈಮಿನಿ ಭಾರತ, ತೊರವೆ ರಾಮಾಯಣ, ಬಸವಪುರಾಣ, ದಾಸರ ಪದಗಳನ್ನು ಕಲ್ಲಚ್ಚಿನಲ್ಲಿ ತಂದರು. ಫರ್ಡಿನಾಂಡ್ ಕಿಟ್ಟೆಲ್ 1862ರಲ್ಲಿ ಕ್ರಿಸ್ತನ ಕಥೆಯನ್ನು ಕನ್ನಡದ ಛಂದಸ್ಸಿನಲ್ಲಿ ‘ಕಥಾಮಾಲೆ’ ಎಂದು ಬರೆದರು, 1875ರಲ್ಲಿ ನಾಗವರ್ಮನ ‘ಛಂದೋಂಬುಧಿ’ಯನ್ನು ಸಂಪಾದಿಸಿದರು, 1894ರಲ್ಲಿ ನಿಘಂಟು ಮುಗಿಸಿದರು. ಈಗ ‘ವಿಷಯ: ಕ್ರೈಸ್ತಧರ್ಮ’ ಎಂದು ಒತ್ತಿ. ಕಥಾಮಾಲೆ ಬರಬಹುದು, ತೊರವೆ ರಾಮಾಯಣ ಬರುವುದಿಲ್ಲ. ‘ಪ್ರಕಾಶಕರು: ಬಾಸೆಲ್ ಮಿಷನ್’ ಎಂದರೆ ರಾಮಾಯಣವೂ ಬರುತ್ತದೆ. ‘ವಿಷಯ: ಕಾವ್ಯ’ ಎಂದರೆ ಕಥಾಮಾಲೆ ಉಳಿಯುತ್ತದೋ ಇಲ್ಲವೋ ಪಟ್ಟಿ ಮಾಡಿದವರ ಮರ್ಜಿ. ಕನ್ನಡದ ಛಂದಸ್ಸನ್ನು ಪಾದ್ರಿಯೊಬ್ಬ ಕಲಿತು, ಅದರಲ್ಲಿ ಕ್ರಿಸ್ತನ ಕಥೆ ಹೇಳಿ, ಆಮೇಲೆ ಆ ಛಂದಸ್ಸಿನ ಗ್ರಂಥವನ್ನೇ ಸಂಪಾದಿಸಿದ ಎಂಬುದು ಯಾವ ಒಂದು ಫಿಲ್ಟರಿನಲ್ಲೂ ಕಾಣುವುದಿಲ್ಲ. ನನ್ನನ್ನು ಕೇಳಿದರೆ ಕನ್ನಡದ ಹತ್ತೊಂಬತ್ತನೆಯ ಶತಮಾನದ ದೊಡ್ಡ ಸಂಗತಿಗಳಲ್ಲಿ ಇದೊಂದು.

ಭಾಷೆಯ ಫಿಲ್ಟರ್ ಸುಲಭದ್ದು ಎನಿಸುತ್ತದೆ. ಯಲ್ಲಾಪುರದ ಕಡೆ ಬನ್ನಿ. ಇಲ್ಲಿಯ ಸಿದ್ದಿಗಳಲ್ಲಿ ಕ್ರೈಸ್ತರೂ ಇದ್ದಾರೆ. ಮನೆಮಾತು ಕೊಂಕಣಿ, ಶಾಲೆಯಲ್ಲಿ ಕಲಿತ ಅಕ್ಷರ ಕನ್ನಡ. ಆ ಮನೆಯ ಹುಡುಗಿ ‘ಕೊಂಕಣಿ’ ಎಂದು ಒತ್ತಿದರೆ ಗೋವೆಯ ರೋಮನ್ ಲಿಪಿಯದು, ನಾಗರಿಯದು, ಮಂಗಳೂರಿನ ಕನ್ನಡ ಲಿಪಿಯದು ಎಲ್ಲ ಒಟ್ಟಿಗೆ ಬಂದು ಬೀಳುತ್ತವೆ. ‘ಕನ್ನಡ’ ಎಂದು ಒತ್ತಿದರೆ ಅವಳು ಓದಬಲ್ಲ ಕೊಂಕಣಿ ಪುಸ್ತಕಗಳೇ ಮಾಯ. ಲಿಪಿಗೆ ಬೇರೆ ಫಿಲ್ಟರ್ ಇಲ್ಲದ ಗ್ರಂಥಾಲಯ ಇಂಥ ಓದುಗರನ್ನು ಎಣಿಸಿಯೇ ಇಲ್ಲ. ಥಾಮಸ್ ಸ್ಟೀಫನ್ಸರ ‘ಕ್ರಿಸ್ತಪುರಾಣ’ದ ಪಾಡು ಇನ್ನೂ ಸೋಜಿಗದ್ದು. ಬರೆದವರು ಇಂಗ್ಲಿಷ್ ಜೆಸುಯಿಟ್, ಭಾಷೆ ಮರಾಠಿ, ಲಿಪಿ ರೋಮನ್, ಮೊದಲ ಮುದ್ರಣ 1616ರಲ್ಲಿ ಗೋವೆಯ ರಾಚೋಲ್, ಅದನ್ನು ಹಾಡಿ ಉಳಿಸಿಕೊಂಡವರಲ್ಲಿ ಕೊಂಕಣಿ ಆಡುವ ಕಥೋಲಿಕರು, ಮುಂದೆ 1907ರಲ್ಲಿ ಮಂಗಳೂರಿನಲ್ಲೂ ಒಂದು ಮುದ್ರಣ. ಯಾವ ಗುಂಡಿ ಒತ್ತಬೇಕು?

ಪಂಗಡದ ಗೆರೆ ಹೆಸರುಗಳಲ್ಲೇ ಅಡಗಿ ಕೂತಿರುತ್ತದೆ. ಪ್ರೊಟೆಸ್ಟೆಂಟರ ‘ಸತ್ಯವೇದ’ದಲ್ಲಿ 66 ಪುಸ್ತಕ, ಕಥೋಲಿಕರ ಬೈಬಲಿನಲ್ಲಿ 73. ಅಲ್ಲಿ ಯೋಹಾನ, ಇಲ್ಲಿ ಯೊವಾನ್ನ. ಒಂದೇ ಹೆಸರಿಟ್ಟು ಹುಡುಕಿದರೆ ಒಂದೇ ಚರ್ಚಿನ ಕಪಾಟು ತೆರೆಯುತ್ತದೆ. ಊರಿನ ಫಿಲ್ಟರಿಗೂ ಇದೇ ಕಷ್ಟ: 1862ರಲ್ಲಿ ಮದ್ರಾಸಿನಿಂದ ಮುಂಬಯಿ ಪ್ರಾಂತ್ಯಕ್ಕೆ, 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿದ ಜಿಲ್ಲೆ ನಮ್ಮ ಉತ್ತರ ಕನ್ನಡ. ‘ಕರ್ನಾಟಕ’ ಎಂದು ಹುಡುಕಿದವರಿಗೆ ‘ನಾರ್ತ್ ಕೆನರಾ’ ಎಂದು ಬರೆದಿಟ್ಟದ್ದು ಸಿಗದು.

ಇವೆಲ್ಲಕ್ಕಿಂತ ನನ್ನನ್ನು ಕಾಡುವುದು ಖಾಲಿ ಬಿಟ್ಟ ಕಲಂ. ಹಳೆಯ ಕರಪತ್ರ, ಕೀರ್ತನೆಯ ಪುಸ್ತಿಕೆಗಳಲ್ಲಿ ಎಷ್ಟೋ ಸಲ ಇಸವಿಯೇ ಇರುವುದಿಲ್ಲ. ಪಟ್ಟಿ ಮಾಡುವವರು ಪ್ರಾಮಾಣಿಕರಾಗಿದ್ದರೆ ಆ ಜಾಗ ಬಿಟ್ಟುಬಿಡುತ್ತಾರೆ. ನಾವು 1850ರಿಂದ 1900 ಎಂದು ಗೆರೆ ಎಳೆದೊಡನೆ ಆ ಪುಸ್ತಿಕೆಗಳು ಸದ್ದಿಲ್ಲದೆ ಬಿದ್ದುಹೋಗುತ್ತವೆ. ಸುಳ್ಳು ಇಸವಿ ಬರೆದವರ ಪುಸ್ತಕ ಸಿಗುತ್ತದೆ, ಗೊತ್ತಿಲ್ಲ ಎಂದವರದು ಸಿಗುವುದಿಲ್ಲ.

ಫಿಲ್ಟರ್ ಬಿಟ್ಟು ಪದ ಕೊಟ್ಟೇ ಹುಡುಕಿದರಾಯಿತಲ್ಲ ಎನ್ನುವವರಿದ್ದಾರೆ. ಕಲ್ಲಚ್ಚಿನ ಕನ್ನಡವನ್ನು ಯಂತ್ರ ಸರಿಯಾಗಿ ಓದುವ ಹೊತ್ತಿಗೆ ಆ ಮಾತು ನೋಡೋಣ. ಅಲ್ಲಿಯವರೆಗೆ ಫಿಲ್ಟರ್ ಬೇಕು. ಬೇಡವಾದದ್ದು ನಾವು ಮಂಡಿಯಿಂದ ಹೊತ್ತುತಂದ ಅಭ್ಯಾಸ. ಅಡಿಕೆ ಒಂದು ಚೀಲಕ್ಕೆ ಬಿದ್ದರೆ ಇನ್ನೊಂದಕ್ಕಿಲ್ಲ. ಮರದ ಕಪಾಟಿನಲ್ಲೂ ಪುಸ್ತಕಕ್ಕೆ ಒಂದೇ ಜಾಗವಿತ್ತು. ಗಣಕದಲ್ಲಿ ಆ ಬಡತನವಿಲ್ಲ: ಕಥಾಮಾಲೆ ಕಾವ್ಯವೂ ಆಗಲಿ, ಕ್ರೈಸ್ತವೂ ಆಗಲಿ, ಛಂದಸ್ಸಿನ ಅಭ್ಯಾಸಕ್ಕೂ ಸಿಗಲಿ. ‘ಇಸವಿ ತಿಳಿಯದು’ ಎಂಬುದೂ ಒತ್ತಬಹುದಾದ ಒಂದು ಗುಂಡಿಯಾಗಲಿ. ಗ್ರಂಥಾಲಯ ಕಟ್ಟುವವರು ಇಷ್ಟು ಮಾಡದಿದ್ದರೆ ಅದು ತಂತ್ರಜ್ಞಾನದ ಮಿತಿಯಲ್ಲ, ಸೋಮಾರಿತನ.

ಓದುವವರಲ್ಲಿ ಒಂದು ವಿನಂತಿ. ಮೊದಲು ಯಾವ ಫಿಲ್ಟರೂ ಹಾಕದೆ ಒಟ್ಟು ಎಷ್ಟು ಪುಸ್ತಕವಿದೆ ಎಂದು ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಆಮೇಲೆ ಕನ್ನಡ, ಕೊಂಕಣಿ, ಮರಾಠಿ ಎಂದು ಭಾಷೆಗಳನ್ನು ಒಂದೊಂದಾಗಿ ಒತ್ತಿ, ಬಂದ ಸಂಖ್ಯೆಗಳನ್ನು ಕೂಡಿಸಿ. ಲೆಕ್ಕ ಕಡಿಮೆ ಬಿದ್ದರೆ ಆ ಉಳಿದ ಪುಸ್ತಕಗಳಿಂದಲೇ ಓದು ಶುರುಮಾಡಿ.