ಗವುಸು ತೆಗೆಯದ ವೀಣೆ

ಸಂಗೀತ ಕಲಿಯುವವರಿರುವ ಮನೆಗಳಲ್ಲಿ ಸಂಜೆಯ ಹೊತ್ತು ಒಂದು ಮಾತು ತಪ್ಪದೆ ಕೇಳಿಬರುತ್ತದೆ: “ಇನ್ನೂ ವೀಣೆಯ ಮುಂದೆ ಕೂರಲಿಲ್ಲವೇ?” ಉತ್ತರವೂ ಹಳೆಯದೇ: “ಇಗೋ, ಇನ್ನೊಂದು ಗಳಿಗೆ.” ಹಿರಿಯರು ಇದನ್ನು ಸೋಮಾರಿತನವೆನ್ನುತ್ತಾರೆ. ಬಹುಮಟ್ಟಿಗೆ ಅದು ನಿಜವೂ ಹೌದು. ಆದರೆ ಎಲ್ಲ ವಿಳಂಬವನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲವೆಂದು ನಮಗೆ ತೋರುತ್ತದೆ.

ಕೈ ಸುಮ್ಮನಿರುವಾಗ ಮನಸ್ಸು ಸಾಧನೆ ಮಾಡಬಲ್ಲುದೆ? ಪಿಯಾನೋ ವಾದಕರಾದ ವಾಲ್ಟರ್ ಗೀಸೆಕಿಂಗರೂ ಅವರ ಗುರು ಕಾರ್ಲ್ ಲೈಮರರೂ, ಕೃತಿಯ ಸ್ವರಲಿಪಿಯನ್ನು ಮೊದಲು ಓದಿ ಮನಸ್ಸಿನಲ್ಲಿ ನೆಲೆಗೊಳಿಸಿಕೊಂಡು ಆಮೇಲೆ ವಾದ್ಯವನ್ನು ಮುಟ್ಟಬೇಕೆಂದು ಬೋಧಿಸಿದರು. 1995ರಲ್ಲಿ ಪ್ರಕಟವಾದ ಅಲ್ವಾರೋ ಪಾಸ್ಕುವಲ್-ಲಿಯೋನೆ ಮತ್ತು ಸಂಗಡಿಗರ ಪ್ರಯೋಗವು ಇದಕ್ಕೆ ಪುಷ್ಟಿ ಕೊಟ್ಟಿತು. ಪಿಯಾನೋ ಅರಿಯದ ಕೆಲವರು ಐದು ಬೆರಳಿನ ಒಂದು ಪಾಠವನ್ನು ದಿನಕ್ಕೆ 2 ಗಂಟೆಯಂತೆ 5 ದಿನ ನುಡಿಸಿದರು. ಬೇರೆ ಕೆಲವರು ಅಷ್ಟೇ ಹೊತ್ತು ವಾದ್ಯದ ಮುಂದೆ ಕುಳಿತು, ಬೆರಳಾಡಿಸದೆ, ಮನಸ್ಸಿನಲ್ಲಿಯೇ ನುಡಿಸಿದರು. ಬೆರಳುಗಳನ್ನು ಆಳುವ ಮಿದುಳಿನ ಭಾಗವು ಇಬ್ಬರಲ್ಲಿಯೂ ಒಂದೇ ಬಗೆಯಾಗಿ ಮಾರ್ಪಟ್ಟಿತ್ತು. ನುಡಿಸಾಣಿಕೆಯಲ್ಲಿ ಮಾತ್ರ ಎರಡನೆಯವರು ಐದನೆಯ ದಿನ, ಮೊದಲಿನವರ ಮೂರನೆಯ ದಿನದ ಮಟ್ಟದಲ್ಲಿದ್ದರು. ಬಳಿಕ ಒಮ್ಮೆ 2 ಗಂಟೆ ಕೈಯಿಂದ ನುಡಿಸಿದೊಡನೆ ಆ ಕೊರತೆಯೂ ತುಂಬಿತು.

ಆದರೆ ವಾಚಕರು ಗಮನಿಸಬೇಕು: ಇವರು ಜಗಲಿಯಲ್ಲಿ ಹರಟುತ್ತ ಕುಳಿತವರಲ್ಲ. ಒಂದೊಂದು ಸ್ವರವನ್ನೂ ಒಳಗಿವಿಯಿಂದ ಕೇಳಿದವರು.

ಹಾಗಾದರೆ ನಮ್ಮ ವಿಳಂಬ ಯಾವ ಜಾತಿಯದು? ಪರೀಕ್ಷೆ ಸುಲಭ. ಕಣ್ಣು ಮುಚ್ಚಿ, ಕೈಯಲ್ಲಿ ಆದಿತಾಳದ 8 ಅಕ್ಷರಗಳನ್ನು ಹಾಕುತ್ತ, ಕಲಿತ ವರ್ಣದ ಒಂದು ಆವರ್ತವನ್ನು ಮನಸ್ಸಿನಲ್ಲಿ ನಡೆಯಿಸಿರಿ. ಯಾವ ಸ್ವರ ಮಸುಕಾಯಿತು, ಬೆರಳು ಯಾವ ಮೆಟ್ಟಿನ ಬಳಿ ತಡವರಿಸಿತು ಎಂದು ಹೇಳಬಲ್ಲಿರಾದರೆ ನಿಮ್ಮ ಗಳಿಗೆ ವ್ಯರ್ಥವಾಗಲಿಲ್ಲ. ಏನೂ ಹೇಳಲಾರಿರಾದರೆ ಅದು ಬರಿಯ ಕಾಲಹರಣ.

ಇನ್ನೊಂದು ಅಪಾಯವುಂಟು. ಮನಸ್ಸಿನ ವೀಣೆ ಎಂದೂ ಅಪಸ್ವರ ನುಡಿಯದು. ಅದರ ತಂತಿ ಬೆರಳನ್ನು ಕೊರೆಯದು. ಗಮಕಕ್ಕಾಗಿ ತಂತಿಯನ್ನು ಎಷ್ಟು ಎಳೆಯಬೇಕೆಂಬುದನ್ನು ತಂತಿಯೇ ಕಲಿಸಬೇಕು. ಒಳಗಿನ ನಾದ ಇಂಪಾದಷ್ಟೂ ಹೊರಗಿನ ಕೈ ಅದಕ್ಕೆ ಸಾಟಿಯಾಗದೆಂಬ ಅಂಜಿಕೆ ಹೆಚ್ಚುತ್ತದೆ. ಎಷ್ಟೋ ಜನ ಒಳ್ಳೆಯ ಕಿವಿಯುಳ್ಳವರು ವಾದ್ಯವನ್ನು ಬಿಟ್ಟದ್ದು ಸೋಮಾರಿತನದಿಂದಲ್ಲ, ಈ ಅಂಜಿಕೆಯಿಂದ. ನಾಳೆ ನಾಳೆಯೆಂದು ವರುಷಗಳು ಕಳೆದು, ವೀಣೆ ಗವುಸಿನೊಳಗೇ ಉಳಿಯಿತು.

ಆದುದರಿಂದ ಹಿರಿಯರಲ್ಲಿ ನಮ್ಮ ಬಿನ್ನಹವಿಷ್ಟೆ: “ಇನ್ನೂ ಕೂರಲಿಲ್ಲವೇ?” ಎಂದು ಗದರಿಸುವ ಬದಲು “ಮನಸ್ಸಿನಲ್ಲಿ ಎಲ್ಲಿಯ ತನಕ ಬಂದಿತು?” ಎಂದು ಕೇಳಿರಿ. ಕಲಿಯುವವರಲ್ಲಿಯೂ ಒಂದು ಮಾತು: ಎಲ್ಲಿ ತಡೆಯಿತೆಂದು ತಿಳಿದ ಕ್ಷಣವೇ ಗವುಸು ತೆಗೆಯಿರಿ. ಆ ಒಂದು ಸಂಗತಿಯನ್ನಾದರೂ ಅಂದೇ ನುಡಿಸಿರಿ, ತಪ್ಪಾದರೂ ಚಿಂತೆಯಿಲ್ಲ.